ಡೋನರ್ ಅಡ್ವೈಸ್ಡ್ ಫಂಡ್ ವಿಮರ್ಶೆ: ಹಾಕುವುದು ಸಲೀಸು, ಹೊರಗೆ ಕಳಿಸುವುದು ನಿಮಗೆ ಬಿಟ್ಟದ್ದು

ಅಮೆರಿಕದ ಸಿರಿವಂತರ ದಾನ ಎಂದಾಕ್ಷಣ ದೊಡ್ಡ ದೊಡ್ಡ ಮನೆತನದ ಫೌಂಡೇಷನ್‌ಗಳು ನೆನಪಾಗುತ್ತವೆ. ಆದರೆ ಸಂಖ್ಯೆಯ ಲೆಕ್ಕದಲ್ಲಿ ಫೌಂಡೇಷನ್‌ಗಳನ್ನು ಡೋನರ್ ಅಡ್ವೈಸ್ಡ್ ಫಂಡ್ ಎಂಬ ಸದ್ದಿಲ್ಲದ ಸೇವೆ ಎಂದೋ ಹಿಂದೆ ಹಾಕಿದೆ. ದಾನದ ಹಣವನ್ನು ಮೊದಲು ಒಂದು ಖಾತೆಗೆ ಹಾಕಿ, ಯಾವ ಸಂಸ್ಥೆಗೆ ಹೋಗಬೇಕು ಎಂದು ಆಮೇಲೆ ಸೂಚಿಸುವ ವ್ಯವಸ್ಥೆ ಇದು. ಬಳಸುವವರ ಬಾಯಲ್ಲಿ ಇದು ಬರೀ ಡ್ಯಾಫ್. ಫಿಡೆಲಿಟಿ ಚಾರಿಟಬಲ್, ವ್ಯಾನ್‌ಗಾರ್ಡ್ ಚಾರಿಟಬಲ್, 2024ರ ತನಕ ಶ್ವಾಬ್ ಚಾರಿಟಬಲ್ ಎಂದಿದ್ದು ಈಗ ಡ್ಯಾಫ್‌ಗಿವಿಂಗ್360 ಎಂದು ಹೆಸರು ಬದಲಿಸಿಕೊಂಡಿರುವ ಸಂಸ್ಥೆ, ಇವು ದೊಡ್ಡ ಅಂಗಡಿಗಳು. ಊರೂರಿನ ಕಮ್ಯುನಿಟಿ ಫೌಂಡೇಷನ್‌ಗಳೂ ಇದೇ ಸೇವೆ ಕೊಡುತ್ತವೆ. 2023ರ ಹೊತ್ತಿಗೆ ಈ ಎಲ್ಲ ಖಾತೆಗಳಲ್ಲಿ ಕೂಡಿದ್ದ ಹಣ 25,000 ಕೋಟಿ ಡಾಲರ್ ದಾಟಿತ್ತು.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಬೆಲೆ ಏರಿದ ಷೇರು, ಕಂಪನಿಯ ಪಾಲು, ಕ್ರಿಪ್ಟೊ ಇಂಥವನ್ನು ದಾನವಾಗಿ ಒಳಗೆ ತೆಗೆದುಕೊಂಡು, ತೆರಿಗೆ ಕಡಿತದ, ಅಂದರೆ ದಾನದ ಮೊತ್ತವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯುವ, ರಶೀದಿ ಕೊಡುವ ಕೆಲಸದಲ್ಲಿ ಡ್ಯಾಫ್‌ಗೆ ಸಾಟಿಯಿಲ್ಲ. ಆ ದಾನ ಒಂದು ಶಾಲೆಗೋ ಆಸ್ಪತ್ರೆಗೋ ಮುಟ್ಟುವಂತೆ ನೋಡಿಕೊಳ್ಳುವ ಕೆಲಸವನ್ನು ಮಾತ್ರ ಅದು ಮಾಡುವುದಿಲ್ಲ. ಯಾವಾಗ, ಯಾರಿಗೆ, ಎಷ್ಟು ಎಂಬುದು ಮೊದಲೇ ಗೊತ್ತಿರುವವರಿಗೆ ಇದು ಒಳ್ಳೆಯ ಸೇವೆ. ಗೊತ್ತಿಲ್ಲದವರಿಗೆ ವರ್ಷಗಟ್ಟಲೆ ಮುಂದೂಡಲು ಇದಕ್ಕಿಂತ ಅನುಕೂಲದ ಜಾಗ ಇಲ್ಲ.

ಒಳಗೆ ಹೇಗೆ ಕೆಲಸ ಮಾಡುತ್ತದೆ

ಖಾತೆ ತೆರೆಯುವವರು ನೀವು, ಹೆಸರಿಡುವವರು ನೀವು. ಹಣ ಅಥವಾ ಷೇರು ಒಳಗೆ ಹೋದ ಗಳಿಗೆಯಿಂದ ಕಾನೂನಿನ ಪ್ರಕಾರ ಅದು ಪ್ರಾಯೋಜಕ ಸಂಸ್ಥೆಯ, ಅಂದರೆ ಖಾತೆ ನಡೆಸುವ ಫಿಡೆಲಿಟಿ ಚಾರಿಟಬಲ್‌ನಂಥ ಸಂಸ್ಥೆಯ, ಆಸ್ತಿ. ವಾಪಸ್ ಕೇಳುವ ಹಾಗಿಲ್ಲ. ನಿಮಗೆ ಉಳಿಯುವುದು ‘ಇಂಥ ಸಂಸ್ಥೆಗೆ ಇಷ್ಟು ಕೊಡಿ’ ಎಂದು ಸಲಹೆ ಮಾಡುವ ಹಕ್ಕು, ಹೂಡಿಕೆ ಎಲ್ಲಿರಬೇಕು ಎಂದು ಸೂಚಿಸುವ ಹಕ್ಕು, ಅಷ್ಟೇ. ಅರ್ಹ ಸಂಸ್ಥೆಗೆ ಮಾಡಿದ ಸಲಹೆಯನ್ನು ತಳ್ಳಿಹಾಕುವುದು ಅಪರೂಪ. ಹಾಗೆಂದು ಅದು ಆಜ್ಞೆಯಲ್ಲ, ಈ ವ್ಯತ್ಯಾಸ ಜಗಳ ಬಂದಾಗ ಕೋರ್ಟಿನಲ್ಲಿ ಬಲವಾಗಿ ಎದುರಾಗುತ್ತದೆ. ಅದಕ್ಕೆ ಆಮೇಲೆ ಬರೋಣ.

ವ್ಯವಸ್ಥೆ ಹೊಸದೇನಲ್ಲ. ನ್ಯೂಯಾರ್ಕ್ ಕಮ್ಯುನಿಟಿ ಟ್ರಸ್ಟ್ 1931ರಲ್ಲೇ ಇಂಥ ಖಾತೆ ತೆರೆದಿತ್ತು. 1991ರಲ್ಲಿ ಫಿಡೆಲಿಟಿಯ ದತ್ತಿ ಸಂಸ್ಥೆಗೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಮಾನ್ಯತೆ ಕೊಟ್ಟ ಮೇಲೆ ಬ್ರೋಕರೇಜ್ ಮನೆಗಳು ಒಂದೊಂದಾಗಿ ಕಣಕ್ಕಿಳಿದವು. ಡ್ಯಾಫ್ ಎಂದರೇನು ಎಂಬ ವ್ಯಾಖ್ಯೆ ಕಾನೂನಿಗೆ ಸೇರಿದ್ದು 2006ರ ಪೆನ್ಷನ್ ಪ್ರೊಟೆಕ್ಷನ್ ಕಾಯ್ದೆಯಲ್ಲಿ.

ಷೇರು ಕೊಟ್ಟರೆ ಸಿಗುವ ಲಾಭ, ಅಂಕಿಗಳಲ್ಲಿ

ಶ್ರೀಮಂತರ ಸಂಪತ್ತು ಬ್ಯಾಂಕ್ ಖಾತೆಯಲ್ಲಿ ಇರುವುದಿಲ್ಲ. ಷೇರಿನಲ್ಲಿ, ಅದೂ ಎಂದೋ ಕಡಿಮೆ ಬೆಲೆಗೆ ಬಂದ ಷೇರಿನಲ್ಲಿ ಇರುತ್ತದೆ. 2 ಲಕ್ಷ ಡಾಲರ್‌ಗೆ ಕೊಂಡ ಷೇರು ಇಂದು 10 ಲಕ್ಷ ಡಾಲರ್ ಬಾಳುತ್ತದೆ ಎಂದುಕೊಳ್ಳಿ. ಮಾರಿ ನಗದು ದಾನ ಮಾಡಿದರೆ 8 ಲಕ್ಷದ ಲಾಭದ ಮೇಲೆ ಶೇ. 20 ದೀರ್ಘಾವಧಿ ತೆರಿಗೆ, ಜೊತೆಗೆ ಶೇ. 3.8 ಹೂಡಿಕೆ ಆದಾಯ ತೆರಿಗೆ, ಒಟ್ಟು 1,90,400 ಡಾಲರ್ ಫೆಡರಲ್ ಸರ್ಕಾರಕ್ಕೆ ಹೋಗುತ್ತದೆ. ದಾನಕ್ಕೆ ಉಳಿಯುವುದು 8,09,600. ಅದೇ ಷೇರನ್ನು ಮಾರದೆ ಡ್ಯಾಫ್‌ಗೆ ವರ್ಗಾಯಿಸಿದರೆ ಪೂರ್ತಿ 10 ಲಕ್ಷ ದಾನದ ಲೆಕ್ಕಕ್ಕೆ ಬರುತ್ತದೆ, ಲಾಭದ ಮೇಲೆ ತೆರಿಗೆಯೇ ಇಲ್ಲ, ಇಂದಿನ ಮಾರುಕಟ್ಟೆ ಬೆಲೆಯಷ್ಟು ಕಡಿತವೂ ಸಿಗುತ್ತದೆ.

ಆದರೆ ಕಡಿತಕ್ಕೆ ಮಿತಿ ಇದೆ. ಷೇರಿನಂಥ ಬೆಲೆ ಏರಿದ ಆಸ್ತಿಯಾದರೆ ವರ್ಷದ ಎಜಿಐ, ಅಂದರೆ ಹೊಂದಾಣಿಕೆಯ ನಂತರದ ಒಟ್ಟು ಆದಾಯದ ಶೇ. 30ರಷ್ಟು ಮಾತ್ರ. ನಗದಾದರೆ ಶೇ. 60. ಎಜಿಐ 20 ಲಕ್ಷ ಡಾಲರ್ ಇದ್ದವರು ಮೇಲಿನ ಷೇರು ಕೊಟ್ಟರೆ ಈ ವರ್ಷ 6 ಲಕ್ಷ, ಉಳಿದ 4 ಲಕ್ಷವನ್ನು ಮುಂದಿನ ಐದು ವರ್ಷಗಳೊಳಗೆ ಬಳಸಿಕೊಳ್ಳಬೇಕು. ಸ್ವಂತ ಖಾಸಗಿ ಫೌಂಡೇಷನ್‌ಗೆ ಕೊಟ್ಟಿದ್ದರೆ ಈ ಮಿತಿಗಳು ಶೇ. 20 ಮತ್ತು ಶೇ. 30ಕ್ಕೆ ಇಳಿಯುತ್ತಿದ್ದವು. ಇನ್ನೂ ದೊಡ್ಡ ಅಂತರ ಷೇರುಪೇಟೆಯಲ್ಲಿ ಇಲ್ಲದ ಆಸ್ತಿಯಲ್ಲಿದೆ. ಖಾಸಗಿ ಕಂಪನಿಯ ಪಾಲನ್ನೋ ಜಮೀನನ್ನೋ ಫೌಂಡೇಷನ್‌ಗೆ ಕೊಟ್ಟರೆ ಕೊಂಡ ಬೆಲೆಯಷ್ಟೇ ಕಡಿತ. ಡ್ಯಾಫ್‌ಗೆ ಕೊಟ್ಟರೆ ಇಂದಿನ ಬೆಲೆ. ಕಂಪನಿ ಕಟ್ಟಿದವರು ಡ್ಯಾಫ್ ಕಡೆಗೆ ವಾಲುವುದಕ್ಕೆ ಮುಖ್ಯ ಕಾರಣ ಇದೇ.

2025ರ ತೆರಿಗೆ ಕಾಯ್ದೆ ಎರಡು ಕತ್ತರಿ ಹಾಕಿದೆ, ಎರಡೂ 2026ರಿಂದ. ಒಂದು, ವರ್ಷದ ದಾನದಲ್ಲಿ ಎಜಿಐನ ಶೇ. 0.5ರಷ್ಟು ಮೊತ್ತ ಕಡಿತಕ್ಕೆ ಸೇರುವುದಿಲ್ಲ. 20 ಲಕ್ಷದವರಿಗೆ ಅದು 10,000 ಡಾಲರ್. ಎರಡು, ಶೇ. 37ರ ಅತಿ ಎತ್ತರದ ತೆರಿಗೆ ಹಂತದಲ್ಲಿರುವವರಿಗೂ ಕಡಿತದ ಬೆಲೆ ಶೇ. 35ಕ್ಕಿಂತ ಹೆಚ್ಚು ಸಿಗದು. ಹಾಗಾಗಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹಾಕುವ ಬದಲು ಮೂರ್ನಾಲ್ಕು ವರ್ಷದ ದಾನವನ್ನು ಒಂದೇ ವರ್ಷ, ಮುಖ್ಯವಾಗಿ ಕಂಪನಿ ಮಾರಿ ಆದಾಯ ಜಿಗಿದ ವರ್ಷ, ಒಟ್ಟಿಗೆ ಹಾಕುವುದೇ ಈಗ ಲೆಕ್ಕಕ್ಕೆ ಸರಿ.

ಷೇರು ಕಳಿಸುವಾಗ ಎಡವುವ ಜಾಗಗಳು

ಖಾತೆ ತೆರೆಯುವುದು ಆನ್‌ಲೈನ್‌ನಲ್ಲಿ ಅರ್ಧ ಗಂಟೆಯ ಕೆಲಸ. ತೊಂದರೆ ಶುರುವಾಗುವುದು ವರ್ಗಾವಣೆಯಲ್ಲಿ.

ಮೊದಲನೆಯದು ಲಾಟ್, ಅಂದರೆ ಒಂದು ಸಲಕ್ಕೆ ಕೊಂಡ ಷೇರುಗಳ ಗಂಟಿನ, ಆಯ್ಕೆ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ದಿನ ಕೊಂಡಿದ್ದರೆ ಯಾವ ಲಾಟ್ ಕಳಿಸಬೇಕು ಎಂದು ಬ್ರೋಕರ್‌ಗೆ ಕೊಡುವ ಪತ್ರದಲ್ಲಿ ಕೊಂಡ ದಿನಾಂಕ, ಬೆಲೆ ಸಮೇತ ಬರೆಯಬೇಕು. ಬರೆಯದಿದ್ದರೆ ಬ್ರೋಕರ್ ತನ್ನ ಡೀಫಾಲ್ಟ್ ಪದ್ಧತಿಯಂತೆ ಕಳಿಸುತ್ತಾನೆ, ಅದು ನಿಮಗೆ ಬೇಕಾದ ಕಡಿಮೆ ಬೆಲೆಯ ಲಾಟ್ ಆಗಿರಬೇಕೆಂದೇನೂ ಇಲ್ಲ. ಒಂದು ವರ್ಷ ಮೀರದ ಲಾಟ್ ನುಸುಳಿದರೆ ಆ ಭಾಗಕ್ಕೆ ಮಾರುಕಟ್ಟೆ ಬೆಲೆಯ ಕಡಿತ ಹೋಗಿ ಕೊಂಡ ಬೆಲೆಯಷ್ಟೇ ಉಳಿಯುತ್ತದೆ. ನಷ್ಟದಲ್ಲಿರುವ ಷೇರನ್ನಂತೂ ಕಳಿಸಲೇಬಾರದು. ಅದನ್ನು ಮಾರಿ, ನಷ್ಟವನ್ನು ತೆರಿಗೆಯಲ್ಲಿ ತೋರಿಸಿ, ನಗದು ಕೊಡುವುದು ಸರಿ.

ಎರಡನೆಯದು ದಿನಾಂಕ. ಚೆಕ್ ಆದರೆ ಅಂಚೆಗೆ ಹಾಕಿದ ದಿನವೇ ದಾನದ ದಿನ. ಎಲೆಕ್ಟ್ರಾನಿಕ್ ಆಗಿ ಹೋಗುವ ಷೇರಿಗೆ ಹಾಗಲ್ಲ: ಪ್ರಾಯೋಜಕರ ಖಾತೆಗೆ ಬಂದು ಸೇರಿದ ದಿನವೇ ಲೆಕ್ಕ. ಬೆಲೆಯೂ ಆ ದಿನದ ಗರಿಷ್ಠ ಮತ್ತು ಕನಿಷ್ಠ ದರಗಳ ಸರಾಸರಿ, ಮುಕ್ತಾಯದ ದರವಲ್ಲ, ಪ್ರಾಯೋಜಕರು ಮಾರಿದ ದರವೂ ಅಲ್ಲ. ಒಂದೇ ಮನೆಯ ಬ್ರೋಕರೇಜ್‌ನಿಂದ ಅದೇ ಮನೆಯ ಡ್ಯಾಫ್‌ಗೆ ವರ್ಗಾವಣೆ ಬೇಗ ಮುಗಿಯುತ್ತದೆ. ಬೇರೆ ಬ್ರೋಕರ್‌ನಿಂದಾದರೆ ಕೆಲವು ದಿನ, ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗೆ ವಾರಗಳೇ ಬೇಕು. ಡಿಸೆಂಬರ್ ಕೊನೆಯ ವಾರ ಎಲ್ಲರೂ ಒಮ್ಮೆಗೇ ಮುಗಿಬೀಳುವುದರಿಂದ, ಫಂಡ್ ಯೂನಿಟ್ ಇದ್ದರೆ ನವೆಂಬರ್‌ನಲ್ಲೇ ಕಳಿಸುವುದು ಕ್ಷೇಮ. ಜನವರಿ 2ಕ್ಕೆ ಬಂದು ಸೇರಿದ ಷೇರು ಹೊಸ ವರ್ಷದ ಲೆಕ್ಕ, ಅದಕ್ಕೆ ಯಾವ ಮನವಿಯೂ ನಡೆಯುವುದಿಲ್ಲ.

ಮೂರನೆಯದು ಕಾಗದ. ಡ್ಯಾಫ್ ದಾನದ ಸ್ವೀಕೃತಿ ಪತ್ರದಲ್ಲಿ, ಕೊಟ್ಟ ಆಸ್ತಿಯ ಮೇಲೆ ಸಂಸ್ಥೆಗೆ ಸಂಪೂರ್ಣ ಕಾನೂನುಬದ್ಧ ಹತೋಟಿ ಇದೆ ಎಂಬ ವಾಕ್ಯ ಇರಲೇಬೇಕು. ಮಾಮೂಲಿ ದಾನದ ರಶೀದಿಗೆ ಈ ಷರತ್ತಿಲ್ಲ, ಡ್ಯಾಫ್‌ಗೆ ಮಾತ್ರ ಇದೆ. ರಿಟರ್ನ್ ಸಲ್ಲಿಸುವ ಮೊದಲು ಪತ್ರ ಕೈಯಲ್ಲಿರಬೇಕು. ದೊಡ್ಡ ಪ್ರಾಯೋಜಕರು ಇದನ್ನು ತಾವಾಗಿಯೇ ಹಾಕಿರುತ್ತಾರೆ. ಸಣ್ಣ ಸಂಸ್ಥೆಯಾದರೆ ಓದಿ ನೋಡಿ. ನಗದಲ್ಲದ ದಾನ 500 ಡಾಲರ್ ಮೀರಿದರೆ ಫಾರ್ಮ್ 8283 ಬೇಕು. ಪೇಟೆಯಲ್ಲಿ ಇಲ್ಲದ ಆಸ್ತಿ 5,000 ಡಾಲರ್ ಮೀರಿದರೆ (ಖಾಸಗಿ ಕಂಪನಿ ಷೇರಿಗೆ ಈ ಮಿತಿ 10,000) ಅರ್ಹ ಮೌಲ್ಯಮಾಪಕರ ವರದಿಯೂ ಬೇಕು. ವರದಿ ದಾನಕ್ಕೆ 60 ದಿನಕ್ಕಿಂತ ಹಿಂದಿನದಾಗಿರಬಾರದು. ಕ್ರಿಪ್ಟೊ ಬೆಲೆ ಎಲ್ಲರಿಗೂ ಪರದೆಯ ಮೇಲೆ ಕಾಣುತ್ತಿದ್ದರೂ 5,000 ಡಾಲರ್ ಮೇಲಿನ ಕ್ರಿಪ್ಟೊ ದಾನಕ್ಕೆ ಮೌಲ್ಯಮಾಪನ ಬೇಕೇ ಬೇಕು ಎಂದು ಐಆರ್‌ಎಸ್ 2023ರಲ್ಲಿ ಸ್ಪಷ್ಟಪಡಿಸಿತು. ಅತಿರೇಕ ಅನಿಸಬಹುದು, ಆದರೆ ವಾದ ಮಾಡಿ ಗೆಲ್ಲುವ ವಿಷಯವಲ್ಲ.

ಕಂಪನಿ ಮಾರುವ ಮುನ್ನ ಪಾಲು ಕೊಡುವವರು ಇನ್ನೂ ಹುಷಾರಾಗಿರಬೇಕು. ಮಾರಾಟ ಖಚಿತವಾದ ಮೇಲೆ ಕೊಟ್ಟರೆ, ಕೊಟ್ಟದ್ದು ಷೇರಲ್ಲ, ಬರಲಿರುವ ಹಣ ಎಂದು ಐಆರ್‌ಎಸ್ ಹಿಡಿಯುತ್ತದೆ. 2023ರಲ್ಲಿ ಟ್ಯಾಕ್ಸ್ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಇದಕ್ಕೆ ಪಾಠದಂತಿದೆ. ಕುಟುಂಬದ ಕಂಪನಿಯೊಂದರ ಪಾಲನ್ನು ಡ್ಯಾಫ್‌ಗೆ ಕೊಟ್ಟ ದಿನಕ್ಕೂ ಮಾರಾಟ ಪೂರ್ಣಗೊಂಡ ದಿನಕ್ಕೂ ಎರಡೇ ದಿನದ ಅಂತರ. ಲಾಭದ ಮೇಲೆ ದಾನಿಯೇ ತೆರಿಗೆ ಕಟ್ಟಬೇಕು ಎಂದು ಕೋರ್ಟ್ ಹೇಳಿತು. ಮೌಲ್ಯಮಾಪನವನ್ನು ಮಾರಾಟ ನಡೆಸಿಕೊಟ್ಟ ಹೂಡಿಕೆ ಬ್ಯಾಂಕ್‌ನಿಂದಲೇ ಮಾಡಿಸಿದ್ದರಿಂದ ಅದು ಅರ್ಹ ವರದಿಯಲ್ಲ ಎಂದು ಕಡಿತವನ್ನೂ ತಿರಸ್ಕರಿಸಿತು. ಹಣ ಕೊಟ್ಟಾಯಿತು, ತೆರಿಗೆ ಕಟ್ಟಾಯಿತು, ಕಡಿತ ಸೊನ್ನೆ. ಸ್ವತಂತ್ರ ಮೌಲ್ಯಮಾಪಕರಿಗೆ ಕೊಡುವ ಶುಲ್ಕ ಉಳಿಸಲು ಹೋಗಿ ಆದ ಎಡವಟ್ಟು. ಖರೀದಿದಾರರ ಜೊತೆ ಬರೀ ಮಾತುಕತೆಯ ಹಂತದಲ್ಲಿರುವಾಗಲೇ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ವರ್ಗಾವಣೆ ಮುಗಿಸುವುದೊಂದೇ ಸುರಕ್ಷಿತ ದಾರಿ.

ಒಳಗೆ ಹೋದ ಷೇರಿನ ಗತಿ

ಹೆಚ್ಚಿನ ಪ್ರಾಯೋಜಕರು ಷೇರು ಬಂದ ತಕ್ಷಣ ಮಾರುತ್ತಾರೆ. ಸಣ್ಣ ಮೊತ್ತಕ್ಕೆ ಇದು ಸರಿಯಾದ ನೀತಿ. ಒಂದು ಕಂಪನಿಯ ದಿನದ ವಹಿವಾಟನ್ನೇ ಅಲುಗಾಡಿಸುವಷ್ಟು ದೊಡ್ಡ ಗಂಟಾದರೆ ಕಥೆ ಬೇರೆ. 2017ರ ಡಿಸೆಂಬರ್‌ನಲ್ಲಿ ಹೆಡ್ಜ್ ಫಂಡ್ ದಂಪತಿಯೊಂದು ಎನರ್ಜಿ ರಿಕವರಿ ಎಂಬ ಕಂಪನಿಯ 19.3 ಲಕ್ಷ ಷೇರುಗಳನ್ನು ಫಿಡೆಲಿಟಿ ಚಾರಿಟಬಲ್‌ಗೆ ಕೊಟ್ಟಿತು. ಅಷ್ಟನ್ನೂ ವರ್ಷದ ಕೊನೆಯ ವಹಿವಾಟು ದಿನ ಮಾರಲಾಯಿತು, ಬೆಲೆ ಕುಸಿಯಿತು. ದಿನದ ವಹಿವಾಟಿನ ಶೇ. 10ಕ್ಕಿಂತ ಹೆಚ್ಚು ಮಾರುವುದಿಲ್ಲ ಎಂದು ಮಾತು ಕೊಟ್ಟಿದ್ದರು ಎಂಬುದು ದಂಪತಿಯ ವಾದ. 2021ರಲ್ಲಿ ಫೆಡರಲ್ ಕೋರ್ಟ್ ಫಿಡೆಲಿಟಿ ಪರವಾಗಿ ತೀರ್ಪು ಕೊಟ್ಟಿತು. ಫೋನಿನಲ್ಲಿ ಹೇಳಿದ ಯಾವ ಮಾತಿಗೂ ಬೆಲೆಯಿಲ್ಲ. ಎಷ್ಟು ದಿನಗಳಲ್ಲಿ, ದಿನಕ್ಕೆ ಎಷ್ಟು ಮಾರಬೇಕು ಎಂಬುದು ವರ್ಗಾವಣೆಗೆ ಮೊದಲೇ ಬರವಣಿಗೆಯಲ್ಲಿ ಇರಬೇಕು. ಬರೆದುಕೊಡಲು ಒಪ್ಪದ ಪ್ರಾಯೋಜಕರಿಗೆ ದೊಡ್ಡ ಗಂಟನ್ನು ಕೊಡಬಾರದು.

ಶುಲ್ಕ ಹೇಳುವಷ್ಟು ಭಾರವಲ್ಲ. ದೊಡ್ಡ ಬ್ರೋಕರೇಜ್ ಡ್ಯಾಫ್‌ಗಳಲ್ಲಿ ಮೊದಲ 5 ಲಕ್ಷ ಡಾಲರ್‌ಗೆ ವರ್ಷಕ್ಕೆ ಶೇ. 0.60, ಮುಂದಿನ 5 ಲಕ್ಷಕ್ಕೆ ಶೇ. 0.30, ಆಮೇಲೆ ಇನ್ನೂ ಕಡಿಮೆ. 10 ಲಕ್ಷದ ಖಾತೆಗೆ 4,500 ಡಾಲರ್. ಫಂಡಿನ ಖರ್ಚು ಬೇರೆ: ಇಂಡೆಕ್ಸ್ ಫಂಡ್ ಆಯ್ಕೆ ಮಾಡಿದರೆ ನಗಣ್ಯ. ಕಮ್ಯುನಿಟಿ ಫೌಂಡೇಷನ್‌ಗಳು ಶೇ. 1 ಅಥವಾ ಅದಕ್ಕಿಂತ ಹೆಚ್ಚು ಕೇಳುತ್ತವೆ, ಆದರೆ ಊರಿನ ಯಾವ ಸಂಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆ ಎಂದು ಬಲ್ಲ ಸಿಬ್ಬಂದಿ ಅಲ್ಲಿ ಇರುತ್ತಾರೆ. ಯಾರಿಗೆ ಕೊಡಬೇಕು ಎಂದೇ ತಿಳಿಯದವರಿಗೆ ಆ ಶುಲ್ಕ ದಂಡವಲ್ಲ.

ದುಬಾರಿಯಾಗುವುದು ಸ್ವಂತ ಹೂಡಿಕೆ ಸಲಹೆಗಾರರಿಗೇ ಖಾತೆಯನ್ನು ವಹಿಸಿದಾಗ. ಅವರಿಗೆ ಖಾತೆಯಲ್ಲಿರುವ ಮೊತ್ತದ ಮೇಲೆ ವಾರ್ಷಿಕ ಶೇಕಡಾವಾರು ಸಂಭಾವನೆ. ನೀವು ದಾನ ಕಳಿಸಿದಷ್ಟೂ ಅವರ ಆದಾಯ ಇಳಿಯುತ್ತದೆ. ‘ಮಾರುಕಟ್ಟೆ ಇನ್ನೂ ಏರಲಿ, ಆಮೇಲೆ ಕೊಡೋಣ’ ಎಂಬ ಸಲಹೆ ಬಂದಾಗ ಈ ಲೆಕ್ಕ ನೆನಪಿರಲಿ. ದಾನಿಗೂ ಡ್ಯಾಫ್‌ಗೂ ಒಟ್ಟಿಗೆ ಕೆಲಸ ಮಾಡುವ ಇಂಥ ಸಲಹೆಗಾರರ ಸಂಭಾವನೆಯ ಮೇಲೆ ಬಿಗಿ ತರುವ ನಿಯಮವನ್ನು ಐಆರ್‌ಎಸ್ 2023ರ ನವೆಂಬರ್‌ನಲ್ಲಿ ಪ್ರಸ್ತಾಪಿಸಿದಾಗ ಹೂಡಿಕೆ ವಲಯ ಅಷ್ಟು ಗದ್ದಲ ಎಬ್ಬಿಸಿದ್ದು ಸುಮ್ಮನೆ ಅಲ್ಲ.

ದಾನ ಹೊರಗೆ ಕಳಿಸುವಾಗ

ಗ್ರ್ಯಾಂಟ್, ಅಂದರೆ ಖಾತೆಯಿಂದ ಸಂಸ್ಥೆಗೆ ಹೋಗುವ ದಾನ, ಕಳಿಸುವ ಪುಟ ಸರಳವಾಗಿದೆ. ಸಂಸ್ಥೆಯನ್ನು ಹೆಸರಿನಿಂದ ಹುಡುಕದೆ ಇಐಎನ್ ಎಂಬ ಒಂಬತ್ತು ಅಂಕಿಯ ತೆರಿಗೆ ಸಂಖ್ಯೆಯಿಂದ ಹುಡುಕಿ. ಒಂದೇ ಥರದ ಹೆಸರಿನ ಸಂಸ್ಥೆಗಳು ಹತ್ತಾರು ಇರುತ್ತವೆ. ವಿಳಾಸವನ್ನೂ ನೋಡಿ. ಚೆಕ್ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಸಣ್ಣ ಸಂಸ್ಥೆಗಳು ಜಾಗ ಬದಲಿಸಿ ದಾಖಲೆ ಬದಲಿಸಿರುವುದಿಲ್ಲ, ಚೆಕ್ ತಿಂಗಳುಗಟ್ಟಲೆ ಅಲೆದು ವಾಪಸ್ ಬರುತ್ತದೆ. ಕನಿಷ್ಠ ಮೊತ್ತ ಫಿಡೆಲಿಟಿಯಲ್ಲಿ 50 ಡಾಲರ್.

ಹೆಸರು ತೋರಿಸುವ ಬಗ್ಗೆ ಮೂರು ಆಯ್ಕೆ ಇರುತ್ತವೆ: ಪೂರ್ತಿ ಹೆಸರು ಮತ್ತು ವಿಳಾಸ, ಖಾತೆಯ ಹೆಸರು ಮಾತ್ರ, ಪೂರ್ಣ ಗುಪ್ತ. ಮನೆತನದ ಹೆಸರನ್ನೇ ಖಾತೆಗೆ ಇಟ್ಟು ‘ಖಾತೆಯ ಹೆಸರು ಮಾತ್ರ’ ಎಂದು ಆರಿಸಿದವರ ಗುಟ್ಟು ಎರಡು ನಿಮಿಷವೂ ನಿಲ್ಲುವುದಿಲ್ಲ. ಫೌಂಡೇಷನ್ ಆದರೆ ಪ್ರತಿ ದಾನವೂ 990-ಪಿಎಫ್ ಎಂಬ ಸಾರ್ವಜನಿಕ ಫಾರ್ಮಿನಲ್ಲಿ ಬರುತ್ತದೆ, ಯಾರು ಬೇಕಾದರೂ ತೆಗೆದು ಓದಬಹುದು. ಡ್ಯಾಫ್‌ನಲ್ಲಿ ಪ್ರಾಯೋಜಕ ಸಂಸ್ಥೆ ಯಾರಿಗೆ ಕೊಟ್ಟಿತು ಎಂಬುದಷ್ಟೇ ಹೊರಗೆ ಕಾಣುತ್ತದೆ, ಹಿಂದಿರುವ ದಾನಿ ಕಾಣುವುದಿಲ್ಲ. ದಾನ ಕೇಳಿ ಬರುವವರ ಕಾಟ ಬೇಡ ಎನ್ನುವವರಿಗೆ ಇದು ವರ. ರಾಜಕೀಯ ಬಣ್ಣದ ಸಂಸ್ಥೆಗಳಿಗೆ ಯಾರ ದುಡ್ಡು ಹರಿಯುತ್ತಿದೆ ಎಂದು ತಿಳಿಯಬೇಕಾದ ಸಾರ್ವಜನಿಕರಿಗೆ ಗೋಡೆ.

ಏನೇನು ಮಾಡಬಾರದು ಎಂಬ ಪಟ್ಟಿ ಉದ್ದ ಇದೆ, ಮುಖ್ಯವಾದದ್ದು ಒಂದೇ: ಡ್ಯಾಫ್‌ನಿಂದ ಹೋದ ಹಣಕ್ಕೆ ದಾನಿಗೆ ವಾಪಸ್ ಏನೂ ಸಿಗಬಾರದು. ಭೋಜನಕೂಟದ ಟಿಕೆಟ್, ಹರಾಜಿನ ವಸ್ತು, ಮಕ್ಕಳ ಶಾಲಾ ಶುಲ್ಕ, ಸವಲತ್ತಿರುವ ಸದಸ್ಯತ್ವ ಯಾವುದೂ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಎಡವುವುದು ಸಮ್ಮೇಳನಗಳ ಡೋನರ್ ಪ್ಯಾಕೇಜ್‌ನಲ್ಲಿ: ಮುಂದಿನ ಸಾಲಿನ ಕುರ್ಚಿ, ಹೋಟೆಲ್ ಕೋಣೆ, ಔತಣದ ಪಾಸು ಎಲ್ಲ ಸೇರಿದ ಮೊತ್ತವನ್ನು ಡ್ಯಾಫ್‌ನಿಂದ ಕಳಿಸುವಂತಿಲ್ಲ. ಊಟದ ಬೆಲೆಯನ್ನು ಕೈಯಿಂದ ಕೊಟ್ಟು ಉಳಿದದ್ದನ್ನು ಡ್ಯಾಫ್‌ನಿಂದ ಕೊಡುತ್ತೇನೆ ಎಂಬ ಜಾಣತನವನ್ನೂ ಐಆರ್‌ಎಸ್ ಒಪ್ಪುವ ಲಕ್ಷಣವಿಲ್ಲ. ಸಿಕ್ಕಿಬಿದ್ದರೆ ದಂಡ ತೆರಿಗೆ ಪಡೆದ ಪ್ರಯೋಜನದ ಶೇ. 125. ವ್ಯಕ್ತಿಗಳಿಗೆ ನೇರವಾಗಿ ಕೊಡುವುದೂ ಇಲ್ಲ. ಕಷ್ಟದಲ್ಲಿರುವ ಒಬ್ಬ ವಿದ್ಯಾರ್ಥಿಗೆ ಹಣ ಕಳಿಸಬೇಕಿದ್ದರೆ ಇದು ದಾರಿಯಲ್ಲ. ಎಪ್ಪತ್ತೂವರೆ ವರ್ಷ ತುಂಬಿದವರು ನಿವೃತ್ತಿ ಖಾತೆಯಿಂದ ತೆರಿಗೆಯಿಲ್ಲದೆ ನೇರ ದಾನ ಮಾಡುವ ಸೌಲಭ್ಯವೂ (2025ಕ್ಕೆ 1,08,000 ಡಾಲರ್ ತನಕ) ಡ್ಯಾಫ್‌ಗೆ ಅನ್ವಯಿಸುವುದಿಲ್ಲ. ಅದೇ ನಿವೃತ್ತಿ ಖಾತೆಗೆ ಡ್ಯಾಫ್ ಅನ್ನು ನಾಮಿನಿ ಮಾಡಬಹುದು, ಅದು ಒಳ್ಳೆಯ ಉಪಾಯ: ಮಕ್ಕಳಿಗೆ ಹೋದರೆ ಆದಾಯ ತೆರಿಗೆ ಬೀಳುತ್ತದೆ, ಡ್ಯಾಫ್‌ಗೆ ಬೀಳುವುದಿಲ್ಲ.

ಸಂಸ್ಥೆಯೊಂದಕ್ಕೆ ಐದು ವರ್ಷದ ವಾಗ್ದಾನಕ್ಕೆ ಸಹಿ ಹಾಕಿದ್ದರೆ ಡ್ಯಾಫ್‌ನಿಂದ ಕಂತು ಕಟ್ಟಬಹುದೇ? 2017ರ ಐಆರ್‌ಎಸ್ ಸೂಚನೆಯ ಪ್ರಕಾರ, ಗ್ರ್ಯಾಂಟ್ ಪತ್ರದಲ್ಲಿ ಪ್ರಾಯೋಜಕರು ವಾಗ್ದಾನದ ಪ್ರಸ್ತಾಪ ಮಾಡದಿದ್ದರೆ, ದಾನಿಗೆ ಬೇರೆ ಪ್ರಯೋಜನ ಸಿಗದಿದ್ದರೆ, ಮತ್ತೆ ಕಡಿತ ಕೇಳದಿದ್ದರೆ ಸರಿ. ಆದ್ದರಿಂದ ಉದ್ದೇಶದ ಸಾಲಿನಲ್ಲಿ ‘ವಾಗ್ದಾನದ ಎರಡನೇ ಕಂತು’ ಎಂದು ಬರೆಯಬೇಡಿ. ಇನ್ನು, ಹಣ ಪಡೆದ ಸಂಸ್ಥೆ ಅಭ್ಯಾಸಬಲದಿಂದ ತೆರಿಗೆ ರಶೀದಿ ಕಳಿಸಿದರೆ ಅದನ್ನು ಫೈಲಿಗೆ ಹಾಕಬೇಡಿ. ಕಡಿತ ಡ್ಯಾಫ್‌ಗೆ ಹಾಕಿದಾಗಲೇ ಮುಗಿದಿದೆ.

ಭಾರತದ ಸಂಸ್ಥೆಗಳಿಗೆ ಕಳಿಸುವುದು ನಿಧಾನದ ಕೆಲಸ. ಭಾರತೀಯ ಸಂಸ್ಥೆ ಅಮೆರಿಕದ ದತ್ತಿ ಸಂಸ್ಥೆಗೆ ಸಮ ಎಂದು ನಿರ್ಧರಿಸುವ ಪ್ರಕ್ರಿಯೆ ಮುಗಿಯಬೇಕು, ಇಲ್ಲವೇ ಪ್ರತಿ ಡಾಲರಿನ ಖರ್ಚಿನ ವರದಿ ಪಡೆಯುವ ಹೊಣೆಯನ್ನು ಪ್ರಾಯೋಜಕರು ಹೊರಬೇಕು. ಬಹಳ ಪ್ರಾಯೋಜಕರು ಇದರ ತಂಟೆಗೇ ಹೋಗದೆ ಗಿವ್2ಏಷ್ಯಾ, ಸಿಎಎಫ್ ಅಮೆರಿಕದಂಥ ಮಧ್ಯವರ್ತಿ ಸಂಸ್ಥೆಗಳ ಕಡೆ ಕೈ ತೋರಿಸುತ್ತಾರೆ, ಅವರದ್ದು ಪ್ರತ್ಯೇಕ ಶುಲ್ಕ. ಈಚೆ ಕಡೆ, ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ (ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಚಾಲ್ತಿಯಲ್ಲಿರಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ ಬೆಂಗಳೂರಿನ ದೊಡ್ಡ ಟ್ರಸ್ಟಿಗೆ ಕೊಟ್ಟು ಅವರ ಮೂಲಕ ಹಳ್ಳಿಯ ಸಣ್ಣ ಸಂಘಕ್ಕೆ ತಲುಪಿಸುವ ಹಳೆಯ ದಾರಿ ಮುಚ್ಚಿದೆ. ನೋಂದಣಿಗೆ ಐದು ವರ್ಷದ ಅವಧಿ. ನವೀಕರಣ ಬಾಕಿ ಇರುವ ಸಂಸ್ಥೆಗೆ ಕಳಿಸಲು ಹೊರಟರೆ ಹಣ ನಡುದಾರಿಯಲ್ಲಿ ನಿಲ್ಲುತ್ತದೆ. ಪ್ರಮಾಣಪತ್ರದ ಕೊನೆಯ ದಿನಾಂಕ ಕೇಳಿಯೇ ಮುಂದುವರಿಯಿರಿ.

ದೊಡ್ಡ ದೋಷ

ಇಷ್ಟೆಲ್ಲ ನಿಯಮಗಳ ನಡುವೆ ಇಲ್ಲದಿರುವ ನಿಯಮ ಒಂದೇ: ಯಾವಾಗ ಕೊಡಬೇಕು ಎಂಬುದು. ಖಾಸಗಿ ಫೌಂಡೇಷನ್ ವರ್ಷಕ್ಕೆ ಆಸ್ತಿಯ ಸುಮಾರು ಶೇ. 5 ಹಂಚಲೇಬೇಕು, ಹೂಡಿಕೆ ಆದಾಯದ ಮೇಲೆ ಶೇ. 1.39 ತೆರಿಗೆಯನ್ನೂ ಕಟ್ಟಬೇಕು. ಡ್ಯಾಫ್ ಖಾತೆಗೆ ಎರಡೂ ಇಲ್ಲ. ಕಡಿತ ಇಂದೇ, ದಾನ ಎಂದಾದರೂ. ಕೆರೆ ತುಂಬಿಸಲು ಸರ್ಕಾರ ದುಡ್ಡು ಕೊಟ್ಟು, ತೂಬಿನ ಕೀಲಿಯನ್ನು ತುಂಬಿಸಿದವರ ಕೈಗೇ ಬಿಟ್ಟಂತೆ.

ಪ್ರಾಯೋಜಕರು ಇದಕ್ಕೆ ಕೊಡುವ ಉತ್ತರ ಸರಾಸರಿಯದ್ದು: ಒಟ್ಟು ಡ್ಯಾಫ್ ಹಣದಲ್ಲಿ ವರ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ, ಫೌಂಡೇಷನ್‌ಗಳ ಶೇ. 5ರ ಮುಂದೆ ಇದು ಎಷ್ಟೋ ಮೇಲು ಎಂದು. ಅಂಕಿ ನಿಜ. ಫಿಡೆಲಿಟಿ ಚಾರಿಟಬಲ್ ಒಂದರಿಂದಲೇ 2024ರಲ್ಲಿ 1,490 ಕೋಟಿ ಡಾಲರ್ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಸರಾಸರಿ ಪ್ರಾಯೋಜಕರದ್ದು, ಖಾತೆಯದ್ದಲ್ಲ. ಒಂದು ಖಾತೆ ಪೂರ್ತಿ ಖಾಲಿಯಾಗಿ ನಾಲ್ಕು ಖಾತೆ ಕೈಕಟ್ಟಿ ಕೂತರೂ ಸರಾಸರಿ ಶೇ. 20 ಬರುತ್ತದೆ. ಒಂದು ಡ್ಯಾಫ್‌ನಿಂದ ಇನ್ನೊಂದು ಡ್ಯಾಫ್‌ಗೆ ಹೋದ ಹಣವೂ ಗ್ರ್ಯಾಂಟ್ ಎಂದೇ ದಾಖಲಾಗುತ್ತದೆ. ಫೌಂಡೇಷನ್ ತನ್ನ ಶೇ. 5ರ ಬಾಧ್ಯತೆಯನ್ನು ಡ್ಯಾಫ್‌ಗೆ ವರ್ಗಾಯಿಸಿಯೇ ತೀರಿಸಬಹುದು. ಯಾವ ಶಾಲೆಗೂ ಒಂದು ಡಾಲರ್ ಮುಟ್ಟದೆ ಕಾನೂನು ಪಾಲನೆಯಾಯಿತು! ಸೆನೆಟರ್‌ಗಳಾದ ಆಂಗಸ್ ಕಿಂಗ್ ಮತ್ತು ಚಕ್ ಗ್ರಾಸ್ಲಿ 2021ರಲ್ಲಿ ತಂದ ಮಸೂದೆ 15 ವರ್ಷದ ಗಡುವು ಸೂಚಿಸಿತ್ತು. ಅದು ಕಾಯ್ದೆಯಾಗಲಿಲ್ಲ.

ಅತಿ ಶ್ರೀಮಂತರ ವಿಷಯದಲ್ಲಿ ಇದು ಇನ್ನಷ್ಟು ಮಸುಕು. ಗೇಟ್ಸ್ ದಂಪತಿ ಮತ್ತು ವಾರೆನ್ ಬಫೆಟ್ 2010ರಲ್ಲಿ ಶುರುಮಾಡಿದ ಗಿವಿಂಗ್ ಪ್ಲೆಡ್ಜ್‌ಗೆ ಸಹಿ ಹಾಕುವ ಶತಕೋಟ್ಯಧಿಪತಿ, ಅರ್ಧಕ್ಕಿಂತ ಹೆಚ್ಚು ಸಂಪತ್ತನ್ನು ಬದುಕಿರುವಾಗ ಅಥವಾ ಉಯಿಲಿನಲ್ಲಿ ಕೊಡುತ್ತೇನೆ ಎನ್ನುತ್ತಾರೆ. ಅದು ಕಾನೂನಿನ ಕರಾರಲ್ಲ, ಡ್ಯಾಫ್‌ಗೆ ಹಾಕಿದ್ದೂ ಕೊಟ್ಟ ಲೆಕ್ಕವೇ. ಮಾರ್ಕ್ ಜುಕರ್‌ಬರ್ಗ್ 2013ರಲ್ಲಿ ಸಿಲಿಕಾನ್ ವ್ಯಾಲಿ ಕಮ್ಯುನಿಟಿ ಫೌಂಡೇಷನ್‌ಗೆ 1.8 ಕೋಟಿ ಫೇಸ್‌ಬುಕ್ ಷೇರು, ಸುಮಾರು 99 ಕೋಟಿ ಡಾಲರ್, ಕೊಟ್ಟಾಗ ದಾನದ ಸುದ್ದಿ ಅಂದೇ ಪತ್ರಿಕೆಗಳಲ್ಲಿ ಬಂತು. ಅದೇ ಹಣ ಅಲ್ಲಿಂದ ಯಾರನ್ನು ಯಾವಾಗ ತಲುಪಿತು ಎಂದು ಖಾತೆವಾರು ತೋರಿಸುವ ಕಾಗದವನ್ನು ಕಾನೂನು ಕೇಳುವುದೇ ಇಲ್ಲ. ಇದಕ್ಕೆ ಎದುರಾಗಿ ಚಕ್ ಫೀನಿ ನಡೆದ ದಾರಿ ಇದೆ. ಡ್ಯೂಟಿ ಫ್ರೀ ಅಂಗಡಿಗಳಿಂದ ಗಳಿಸಿದ್ದನ್ನು ಅಟ್ಲಾಂಟಿಕ್ ಫಿಲಾಂತ್ರಪೀಸ್ ಮೂಲಕ 800 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು, ಕೊನೆಯ ದಿನಾಂಕ ಮೊದಲೇ ನಿಗದಿ ಮಾಡಿ, 2020ರಲ್ಲಿ ಸಂಸ್ಥೆಯನ್ನೇ ಮುಚ್ಚಿದರು. ಡ್ಯಾಫ್‌ನಲ್ಲಿ ಅಂಥ ಗಡುವನ್ನು ನೀವೇ ಹಾಕಿಕೊಳ್ಳಬೇಕು, ತಂತ್ರಾಂಶ ನೆನಪಿಸುವುದಿಲ್ಲ.

ನೆನಪಿಸುವುದಿಲ್ಲ ಎಂದದ್ದು ಪೂರ್ತಿ ಸರಿಯಲ್ಲ. ವರ್ಷಗಟ್ಟಲೆ ಒಂದೂ ಗ್ರ್ಯಾಂಟ್ ಹೋಗದ ಖಾತೆಯನ್ನು ಸುಪ್ತ ಎಂದು ಗುರುತಿಸಿ, ಪತ್ರ ಬರೆದು, ಉತ್ತರ ಬಾರದಿದ್ದರೆ ತಾವೇ ಹಂಚುವ ನೀತಿ ಹೆಚ್ಚಿನ ದೊಡ್ಡ ಪ್ರಾಯೋಜಕರಲ್ಲಿದೆ. ಆದರೆ 50 ಡಾಲರಿನ ಒಂದು ಗ್ರ್ಯಾಂಟ್ ಕಳಿಸಿದರೂ ಖಾತೆ ಚುರುಕಾಗಿದೆ ಎಂದೇ ಲೆಕ್ಕ.

ಖಾತೆ ತೆರೆದ ದಿನವೇ ಮಾಡಬೇಕಾದ್ದು

ಷೇರು ಮಾರಾಟವಾಗಿ ಹಣ ಖಾತೆಗೆ ಬಿದ್ದ ವಾರದಲ್ಲೇ ಪುನರಾವರ್ತಿತ ಗ್ರ್ಯಾಂಟ್ ಸೆಟ್ ಮಾಡಿ. ತಿಂಗಳಿಗೋ ತ್ರೈಮಾಸಿಕಕ್ಕೋ ಇಷ್ಟು ಎಂದು ನಾಲ್ಕೈದು ಸಂಸ್ಥೆಗಳಿಗೆ, ‘ಅಗತ್ಯವಿದ್ದೆಡೆ ಬಳಸಿ’ ಎಂಬ ಮುಕ್ತ ಉದ್ದೇಶದಿಂದ. ನಿರ್ದಿಷ್ಟ ಯೋಜನೆಗೆ ಎಂದು ಕಟ್ಟಿಹಾಕಿದ ಹಣದಿಂದ ಸಂಸ್ಥೆ ಸಂಬಳ, ಬಾಡಿಗೆ ಕಟ್ಟಲಾಗದು. 10 ಲಕ್ಷದ ಖಾತೆಯನ್ನು ಹತ್ತು ವರ್ಷದಲ್ಲಿ ಖಾಲಿ ಮಾಡುವುದು ಗುರಿಯಾದರೆ ವರ್ಷಕ್ಕೆ 1 ಲಕ್ಷ ಸಾಲದು. ಹೂಡಿಕೆ ಬೆಳೆಯುತ್ತಲೇ ಇರುವುದರಿಂದ, ಮೊದಲ ವರ್ಷ ಉಳಿಕೆಯ ಹತ್ತನೇ ಒಂದು, ಮರುವರ್ಷ ಒಂಬತ್ತನೇ ಒಂದು, ಹೀಗೆ ಏರಿಸುತ್ತಾ ಹೋಗಬೇಕು. ಎರಡು ಮೂರು ವರ್ಷದೊಳಗೆ ಹೋಗಬೇಕಾದ ಹಣ ಷೇರಿನಲ್ಲಿ ಹೂಡುವ ಪೂಲ್‌ನಲ್ಲಿ ಇರಬಾರದು, ಏರಿಳಿತ ಕಡಿಮೆ ಇರುವ ಮನಿ ಮಾರ್ಕೆಟ್ ಆಯ್ಕೆಯಲ್ಲಿರಲಿ.

ಆಮೇಲೆ ಉತ್ತರಾಧಿಕಾರಿಯ ಪುಟ. ಮಕ್ಕಳನ್ನು ಸಲಹೆಗಾರರಾಗಿ ನೇಮಿಸಬಹುದು, ಶೇಕಡಾವಾರು ಹಂಚಬಹುದು, ಇಲ್ಲವೇ ನೇರವಾಗಿ ಸಂಸ್ಥೆಗಳ ಹೆಸರು ಬರೆದು ಖಾತೆ ಅಲ್ಲಿಗೆ ಮುಗಿಯುವಂತೆ ಮಾಡಬಹುದು. ಕಮ್ಯುನಿಟಿ ಫೌಂಡೇಷನ್‌ಗಳಲ್ಲಿ ಎಷ್ಟು ತಲೆಮಾರಿನ ತನಕ ಎಂಬುದಕ್ಕೆ ಮಿತಿ ಇರುವುದು ಸಾಮಾನ್ಯ, ಒಪ್ಪಂದದಲ್ಲಿ ಹುಡುಕಿ ನೋಡಿ. ಈ ಪುಟವನ್ನು ಖಾಲಿ ಬಿಟ್ಟು ತೀರಿಕೊಂಡರೆ ಉಳಿದ ಹಣ ಸಾಮಾನ್ಯವಾಗಿ ಪ್ರಾಯೋಜಕರ ಸ್ವಂತ ದತ್ತಿ ನಿಧಿಗೆ ಸೇರುತ್ತದೆ, ಯಾರಿಗೆ ಹೋಗಬೇಕು ಎಂದು ಅವರ ಮಂಡಳಿ ತೀರ್ಮಾನಿಸುತ್ತದೆ. ಮಕ್ಕಳು ಉಯಿಲು ಹಿಡಿದು ಬಂದರೂ ಪ್ರಯೋಜನವಿಲ್ಲ, ಏಕೆಂದರೆ ಆ ಹಣ ಉಯಿಲು ಬರೆದವರದ್ದೇ ಆಗಿರಲಿಲ್ಲ.